ಮೋಡದ ದಿನದ ಬೆಂಕಿ

ಕನಕಪುರ
೯ ಮಾರ್ಚ್ ೨೦೨೫, ಭಾನುವಾರ

ಅನಂತರಾಜು ಅವರಿಗೆ,

ನಿಮ್ಮ ಸೋದರಮಾವ ಕೃಷ್ಣಪ್ಪನವರು ಮೊನ್ನೆ ನಾನೀಗ ಇರುವ ನಮ್ಮ ಸರಸಮ್ಮತ್ತೆಯ ಮನೆಗೆ ಬಂದು, ಕಾಫಿ ಕುಡಿದು, ನೀವು ಕ್ಷೇಮವೆಂದು ತಿಳಿಸಿದರು. ನಾನು ಹೇಗಿದ್ದೇನೆ ಎಂದು ಕೇಳಲಿಲ್ಲ. ಯುಗಾದಿಯೊಳಗೆ ಮನೆ ಸೇರಬೇಕು ಎಂದರು. “ಒಂದು ಹುಲ್ಲಿನ ಮೆದೆ ಸುಟ್ಟೋಯ್ತು ಅಂತ ಯಾರಾದ್ರೂ ಸಂಸಾರ ಸುಟ್ಕತಾರೇನವ್ವ?” ಅಂದರು. ಅವರಿಗೆ ಏನೂ ಹೇಳದೆ ಕಳಿಸಿದೆ. ಹೇಳಬೇಕಾದದ್ದು ನಿಮಗೆ.

ಶಾಲೆಯಲ್ಲಿ ನಾನು ಏನು ಮಾಡುತ್ತೇನೆಂದು ಮದುವೆಯಾದಾಗಿನಿಂದ ನೀವು ಕೇಳಿದವರಲ್ಲ. ಈಗಲಾದರೂ ಕೇಳಿ. ಮೆದೆ ಸುಟ್ಟ ದಿನ ಬೆಳಗ್ಗೆ ನಾಲ್ಕನೇ ತರಗತಿಗೆ ಶಾಖ ಮತ್ತು ಬೆಳಕಿನ ಪಾಠವಿತ್ತು. ಬಿಸಿನೀರಿನ ಲೋಟದಲ್ಲಿ ಸ್ಟೀಲ್ ಚಮಚವನ್ನೂ ಮರದ ಸೌಟನ್ನೂ ನಿಲ್ಲಿಸಿ, ಯಾವುದು ಬೇಗ ಕಾಯುತ್ತದೆಂದು ಮಕ್ಕಳಿಂದಲೇ ಮುಟ್ಟಿಸಿದೆ. ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದೆ. ಬೆಳಕೆಲ್ಲ ಒಂದು ಚುಕ್ಕಿಯಾಗಿ ಕೂಡಿ, ಕೆಳಗಿಟ್ಟ ಕಾಗದ ಹೊಗೆಯಾಡಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಕುರಿ ಸಾಕುವ ಕೆಂಪಯ್ಯನವರ ಮಗಳು ಕುಸುಮ ಮಾತ್ರ ಬೆರಳು ಚಾಚಿ ಗಾಜನ್ನು ಮುಟ್ಟಿ ನೋಡಿದಳು. “ಮಿಸ್, ಕಾಗ್ದ ಸುಡ್ತೈತೆ, ಗಾಜು ತಣ್ಣಗೇ ಐತೆ. ಬಿಸಿ ಗಾಜಿಂದಲ್ಲ, ಬಿಸ್ಲಿಂದು” ಎಂದಳು. ನಾನು ಹೇಳಿಕೊಟ್ಟ ಮಾತಲ್ಲ ಅದು. ಆ ಮಾತಿಗೆ ಮನಸೋತು, ಸಂಜೆ ಗಂಟೆ ಹೊಡೆದಾಗ ಗಾಜನ್ನು ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಆಕಾಶ ಪೂರ್ತಿ ಕವಿದಿತ್ತು. ನಾಳೆ ಬಿಸಿಲು ಬಂದ ಮೇಲೆ ಮನೆಯವರಿಗೆ ತೋರಿಸು ಎಂದು ಹೇಳಿಯೇ ಕಳಿಸಿದ್ದೆ.

ದೀಪ ಹಚ್ಚುವ ಹೊತ್ತಿಗೆ ನಮ್ಮ ರಾಗಿಹುಲ್ಲಿನ ಮೆದೆ ಹತ್ತಿಕೊಂಡಿತು. ಪಕ್ಕದ ಗೋಮಾಳದಲ್ಲೇ ಕೆಂಪಯ್ಯನವರ ಕುರಿರೊಪ್ಪ. ಮಗುವಿನ ಚೀಲದಲ್ಲಿ ಗಾಜು ಸಿಕ್ಕಿತು. ಬೇರೇನನ್ನೂ ಯಾರೂ ಹುಡುಕಲಿಲ್ಲ.

ಮರುದಿನ ಅರಳಿಕಟ್ಟೆಯಲ್ಲಿ ನೀವು ಎದ್ದು ನಿಂತಿರಿ. “ನಮ್ಮನೇವ್ಳೇ ಟೀಚರು, ಅವ್ಳೇ ಹೇಳ್ಲಿ. ಆ ಗಾಜಲ್ಲಿ ಬೆಂಕಿ ಹತ್ತುತ್ತೋ ಇಲ್ವೋ?” ಎಂದಿರಿ. ಹತ್ತುತ್ತದೆ, ಆದರೆ ಬಿಸಿಲಿರಬೇಕು, ನಿನ್ನೆ ಮಧ್ಯಾಹ್ನದ ಮೇಲೆ ಬಿಸಿಲೇ ಇರಲಿಲ್ಲ ಎಂದೆ. ನಿಮ್ಮ ಕಿವಿಗೆ ಬಿದ್ದದ್ದು ಮೊದಲನೆಯ ಮಾತು ಮಾತ್ರ. “ಹತ್ತುತ್ತೆ ಅಂದ್ಲಲ್ಲ, ಇನ್ನೇನ್ ಬೇಕು?” ನಾನು ಮತ್ತೆ ಬಾಯಿ ತೆರೆದಾಗ ನಿಮ್ಮ ತಂದೆಯವರು, “ಪಾಠಾನ ಸ್ಕೂಲಲ್ಲಿ ಮಾಡವ್ವ” ಎಂದರು. ಎಲ್ಲರೂ ನಕ್ಕರು. ಹಿಂದಿನ ದಿನ ಮೋಡ ಕಂಡು, ಒಣಹಾಕಿದ್ದ ಹುರುಳಿಯನ್ನು ಗಡಿಬಿಡಿಯಲ್ಲಿ ಒಳಗೆ ಹೊತ್ತವರೇ ಅಲ್ಲಿ ಕುಳಿತಿದ್ದರು. ಒಬ್ಬರೂ ಹೌದು, ಮೋಡವಿತ್ತು ಎನ್ನಲಿಲ್ಲ.

ಕೆಂಪಯ್ಯನವರು ಟವೆಲನ್ನು ಸೊಂಟಕ್ಕೆ ಸುತ್ತಿ ಕೈಮುಗಿದರು. “ಮಗ ತಿಳೀದೆ ಮಾಡ್ಬುಟ್ಟೈತೆ ಬುದ್ಧಿ, ಹೊಟ್ಟೆಗಾಕ್ಕಳಿ” ಎಂದರು. ಕುಸುಮ ಅವರ ಮುಖವನ್ನೇ ನೋಡುತ್ತಿದ್ದಳು. ನೀವು ಹೊಟ್ಟೆಗೆ ಹಾಕಿಕೊಂಡಿರಿ. ರೊಪ್ಪ ಎತ್ತಿದರೆ ಸಾಕು ಎಂದಿರಿ. ಅವರು ಕುರಿ ಹೊಡೆದುಕೊಂಡು ಸೋಲೂರು ಕಡೆಯ ನೆಂಟರಲ್ಲಿಗೆ ಹೋದ ವಾರದಲ್ಲೇ ಆ ಗೋಮಾಳದಲ್ಲಿ ಜೆಸಿಬಿ ನಿಂತಿತ್ತು. ಈಗ ನೀವು ಸೈಟು ಮಾಡಿ ಮಾರುವ ಲೇಔಟಿಗೆ ಹೋಗುವ ರಸ್ತೆ ಅಲ್ಲೇ. ಕಮಾನಿಗೆ ಬಣ್ಣವೂ ಆಯಿತು. ದಿನವೂ ಬಸ್ಸಿಳಿದು ಅದರ ಮುಂದೆಯೇ ಶಾಲೆಗೆ ನಡೆಯುತ್ತೇನೆ. ಜಗಲಿಯಲ್ಲಿ ಕೂತ ನೀವು ನನ್ನನ್ನು ಕಂಡು ಪೇಪರ್ ಎತ್ತಿ ಮುಖ ಮರೆಸಿಕೊಳ್ಳುತ್ತೀರಿ.

ಹೋದ ಭಾನುವಾರ ಸೋಲೂರಿಗೆ ಹೋಗಿದ್ದೆ. ಕುಸುಮ ಶಾಲೆಗೆ ಹೋಗುತ್ತಿಲ್ಲ, ಮರಿಗಳನ್ನು ಕಾಯುತ್ತಾಳೆ. ತಾಯಿ ಕೃಷ್ಣಮ್ಮ ನನಗೆ ಚಾಪೆ ಹಾಸಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಕುಸುಮ ದೂರದಲ್ಲೇ ನಿಂತಿದ್ದಳು. ಬೆಂಕಿ ನಿನ್ನಿಂದ ಹತ್ತಿದ್ದಲ್ಲ ಎಂದು ಹೇಳಿದೆ. ಅವಳು ಕೇಳಿದಳು: “ಬೆಳಗ್ಗೆ ಬಿಸ್ಲಿಗೆ ಹಿಡಿದಿದ್ವಲ್ಲ ಮಿಸ್, ಆ ಬಿಸಿ ಗಾಜೊಳಗೇ ಉಳ್ಕಂಡಿತ್ತೇನೋ?”

ನೀನೇ ಮುಟ್ಟಿ ನೋಡಿ ತಣ್ಣಗಿದೆ ಎಂದಿದ್ದೆಯಲ್ಲ ಎಂದೆ.

“ನಂಗೆ ಸರ್ಯಾಗಿ ಗೊತ್ತಾಗಿಲ್ವೇನೋ ಮಿಸ್. ದೊಡ್ಡೋರೆಲ್ಲ ಹೇಳಿದ್ರಲ್ಲ.”

ಇನ್ನೊಂದು ಭೂತಗನ್ನಡಿ ಕೊಂಡು ಹೋಗಿದ್ದೆ. ಒಳ್ಳೆಯ ಬಿಸಿಲಿತ್ತು. ಚೀಲದಿಂದ ಅದನ್ನು ತೆಗೆಯುತ್ತಿದ್ದಂತೆ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅನಂತರಾಜು ಅವರೇ, ಮೆದೆ ಹೋದರೆ ಮುಂದಿನ ಸುಗ್ಗಿಗೆ ಇನ್ನೊಂದು ಬರುತ್ತದೆ. ಒಂದು ಮಗು ತನ್ನ ಬೆರಳಿನಿಂದ ತಾನೇ ಕಂಡುಕೊಂಡ ನಿಜವನ್ನು ನಂಬದ ಹಾಗೆ ಮಾಡಿದಿರಿ. ಅದನ್ನು ಮತ್ತೆ ಹೇಗೆ ಕಲಿಸಬೇಕೋ ನನಗೆ ಗೊತ್ತಿಲ್ಲ, ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಯುಗಾದಿಗೆ ನಾನು ಬರುವುದಿಲ್ಲ. ಆಮೇಲೂ ಬರುವುದಿಲ್ಲ. ಅತ್ತೆ ಕಾವೇರಮ್ಮನವರ ಮಂಡಿನೋವಿನ ಎಣ್ಣೆ ಅಡುಗೆಮನೆಯ ಮೇಲಿನ ಗೂಡಿನಲ್ಲಿದೆ, ಬೆಚ್ಚಗೆ ಮಾಡಿ ಹಚ್ಚಬೇಕು.

ಇಂತಿ,
ಭಾನುಪ್ರಿಯ

ತಾ.ಕ.: ಬೆಂಕಿ ಬಿದ್ದಾಗ ಚನ್ನಪಟ್ಟಣದಲ್ಲಿದ್ದೆ ಎಂದು ಎಲ್ಲರೆದುರು ಹೇಳಿದಿರಿ. ಬೆಂಕಿ ಬಿದ್ದ ರಾತ್ರಿ ಊಟಕ್ಕೆ ಮುದ್ದೆ ಬಡಿಸುವಾಗ ನಿಮ್ಮ ಬಲಗೈ ನೋಡಿದೆ. ಮೊಣಕೈವರೆಗೂ ರೋಮ ಕರಕಲಾಗಿತ್ತು, ಅಂಗಿಯ ತೋಳು ಪೆಟ್ರೋಲ್ ನಾತ ಹೊಡೆಯುತ್ತಿತ್ತು. ಒಲೆಯ ಹತ್ತಿರ ಸುಳಿದವರಲ್ಲ ನೀವು. ನೀವಾಗಿಯೇ ಬಾಯಿಬಿಡುತ್ತೀರೆಂದು ಇಷ್ಟು ದಿನ ಕಾದೆ. ಈ ಪತ್ರದ ಇನ್ನೊಂದು ಪ್ರತಿಯನ್ನು ಕೆಂಪಯ್ಯನವರ ಹೆಸರಿಗೆ ಅಂಚೆಗೆ ಹಾಕಿದ್ದೇನೆ. ಅವರಿಗೆ ಓದಲು ಬಾರದು. ಕುಸುಮ ಓದಿ ಹೇಳುತ್ತಾಳೆ.