ನ್ಯಾಟ್ ವಿಮಾನದ ಮೂಗಿನ ಪಿನ್

ಶೇಷಗಿರಿ ಅಂಕಲ್‌ಗೆ,

ನಿಮ್ಮ ವೀಣಾ ಬರೆಯುತ್ತಿದ್ದೇನೆ. ನೀವು ಹೋಗಿ ಒಂದೂವರೆ ವರ್ಷವಾಯಿತು. ಎದುರು ಕೂತು ಹೇಳಬೇಕಾದದ್ದನ್ನು ಈಗ ಕಾಗದದ ಮೇಲೆ ಹೇಳುತ್ತಿದ್ದೇನೆ. ಹೇಡಿಗಳ ಹಣೆಬರಹ ಇಷ್ಟೇ. ಆ ಶನಿವಾರ ಹ್ಯಾಂಗರಿನಲ್ಲಿ ನಮ್ಮ ಹಳೆಯ ನ್ಯಾಟ್ ಮುಂದಕ್ಕೆ ಕುಸಿದು ಡೇಲ್‌ನ ಕೈ ಜಜ್ಜಿತಲ್ಲ, ಪಿನ್ ಹಾಕಲು ಮರೆತವರು ನೀವೇ ಎಂದು ಕೊನೆಯ ತನಕ ನಂಬಿದ್ದಿರಲ್ಲ, ಅದರ ಬಗ್ಗೆ ಹೇಳಬೇಕು.

ನೀವು ನನ್ನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋದ ದಿನ ನೆನಪಿದೆಯೇ? ಆರ್ಥಿಕ ಕುಸಿತದ ಕಾಲ. ರೆಡೊಂಡೊ ಬೀಚಿನ ಕೆಲಸ ಹೋಗಿ, ಹಗಲಲ್ಲೂ ಪರದೆ ಎಳೆದುಕೊಂಡು ಮನೆಯಲ್ಲಿ ಬಿದ್ದಿದ್ದೆ. ಪದ್ಮಾ ಆಂಟಿ ನಿಮ್ಮ ಕೈಲಿ ಬಿಸಿಬೇಳೆಬಾತ್ ಕಳಿಸಿದ್ದರು. ನೀವು ಡಬ್ಬಿ ಮೇಜಿನ ಮೇಲಿಟ್ಟು, "ಏಳಮ್ಮಾ, ಕೈಗೆ ಸ್ವಲ್ಪ ಗ್ರೀಸ್ ಹತ್ತಿದ್ರೆ ತಲೆ ಸರಿಹೋಗತ್ತೆ" ಎಂದಿರಿ. ಟೊರೆನ್ಸ್‌ನ ಆ ತಗಡಿನ ಹ್ಯಾಂಗರಿನಲ್ಲಿ, ನೀವು ಕೆಲವರು ಸೇರಿ ಬಿಡುವಿನಲ್ಲಿ ದುರಸ್ತಿ ಮಾಡುತ್ತಿದ್ದ ನ್ಯಾಟ್, ಇಂಗ್ಲೆಂಡಿನಲ್ಲಿ ಹುಟ್ಟಿದ ಪುಟ್ಟ ಯುದ್ಧವಿಮಾನ, ರೆಕ್ಕೆ ಬಿಚ್ಚಿಕೊಂಡು ಕೂತಿತ್ತು. ಇದೇ ಜಾತಿಯ ವಿಮಾನಗಳನ್ನು ಇಪ್ಪತ್ತರ ವಯಸ್ಸಿನಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ ಕಟ್ಟಿದವರು ನೀವು. ಒಳಗೆ ಕಾಲಿಟ್ಟವರೇ ಅದರ ಬೆನ್ನು ಸವರಿದಿರಿ. ನಾನು ನಕ್ಕೆ. ತಿಂಗಳುಗಳ ನಂತರ ನಕ್ಕಿದ್ದೆ.

ನಿಮ್ಮ ಮತ್ತು ಕಾಲಿನ್‌ನ ಜಗಳಗಳು! ಬ್ರಿಟಿಷ್ ವಾಯುಪಡೆಯ ನಿವೃತ್ತ ಮೆಕ್ಯಾನಿಕ್ ಆತ, ಬಣ್ಣ ಕೂದಲೆಳೆಯಷ್ಟು ತಪ್ಪಿದರೂ ಕೆರೆದು ಹಾಕಿಸುವವನು. "ಡ್ರಾಯಿಂಗ್ ಕಳಿಸಿದ್ದು ನೀವು, ವಿಮಾನ ಹಾರೋ ಹಾಗೆ ಮಾಡಿದ್ದು ನಾವು" ಎಂದು ಇಂಗ್ಲಿಷಿನಲ್ಲಿ ಅವನಿಗೆ ಹೇಳಿ, ನನ್ನತ್ತ ತಿರುಗಿ ಕನ್ನಡದಲ್ಲಿ ಒಗ್ಗರಣೆ ಹಾಕುತ್ತಿದ್ದಿರಿ: "ಇವನ ಪೇಂಟ್ ಹುಚ್ಚಿಗೆ ಮದ್ದಿಲ್ಲ ಕಣಮ್ಮ." ಲೇತ್ ಕೆಲಸ ಮಾಡಿ ನಿವೃತ್ತನಾದ ಡೇಲ್‌ಗೆ ಅದನ್ನು ಹಾರಿಸಲೇಬೇಕು. ನಿಲ್ಲಿಸಿಟ್ಟ ವಿಮಾನ ಸತ್ತ ವಿಮಾನ ಎನ್ನುತ್ತಿದ್ದ. "ಹಾರಿಸಿ ಬೀಳಿಸಿದ್ರೆ ಬದುಕುತ್ತಾ?" ಎನ್ನುತ್ತಿದ್ದಿರಿ ನೀವು. ಹಳೆಯದು ಹಳೆಯದಾಗಿಯೇ ಕಾಣಬೇಕು, ಗೀರು ಮುಚ್ಚಬಾರದು, ಎಣ್ಣೆಯ ಕಲೆ ತೊಳೆಯಬಾರದು ಎಂಬುದು ನಿಮ್ಮ ಹಟ. ನಾನು ಮಾತ್ರ ಒಳಗೊಳಗೇ ಕಾಲಿನ್‌ನ ಪಕ್ಷ. ಥಳಥಳ ಹೊಳೆಯುವುದು ನನಗೆ ಇಷ್ಟ. ಅದೇ ನಮ್ಮನ್ನೆಲ್ಲ ಹಾಳುಮಾಡಿತು.

ಆ ಶುಕ್ರವಾರ ಸಂಜೆ ನೀವು ವಿಮಾನದ ಮೂಗಿನ ಕೆಳಗಿರುವ ಮುಂದಿನ ಚಕ್ರದ ಕಾಲಿಗೆ ಪಿನ್ ತೂರಿಸಿದ್ದನ್ನು ನಾನೇ ನೋಡಿದೆ. ಬೆರಳುದ್ದದ ಉಕ್ಕಿನ ಕಡ್ಡಿ, ತುದಿಗೆ ಕೆಂಪು ಪಟ್ಟಿ. ಅದಿದ್ದರೆ ಕಾಲು ಮಡಚಿಕೊಳ್ಳುವುದಿಲ್ಲ. "ಕಣ್ಣಲ್ಲಿ ನೋಡಿದ್ರೆ ಸಾಲ್ದು, ಕೈಯಲ್ಲಿ ಮುಟ್ಟು" ಎಂದು ಎಷ್ಟು ಸಲ ಹೇಳಿಕೊಟ್ಟಿರಿ ನನಗೆ. ಮುಟ್ಟಿ ನೋಡಿ, ಕೆಲಸದ ಪುಸ್ತಕದಲ್ಲಿ ಸಹಿ ಹಾಕಿ, ಮನೆಗೆ ಹೊರಟಿರಿ. ಬೀಗ ಹಾಕಲು ನಾನೊಬ್ಬಳೇ ಉಳಿದೆ. ಮರುದಿನ ಮಧ್ಯಾಹ್ನ ಸ್ಯಾನ್ ಡಿಯಾಗೋದ ಮ್ಯೂಸಿಯಮ್ಮಿನವರು ವಿಮಾನ ನೋಡಲು ಬರುವವರಿದ್ದರು. ಆ ಕೆಂಪು ಪಟ್ಟಿ ಎಣ್ಣೆ ಕುಡಿದು, ಹರಿದು, ಮಸಿಬಟ್ಟೆಯಾಗಿತ್ತು. ನಿಮ್ಮನ್ನು ಕೇಳಿದ್ದರೆ ಹಾಗೇ ಇರಲಿ ಬಿಡು ಎನ್ನುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ. ಪಿನ್ ಎಳೆದು ಜೇಬಿಗೆ ಹಾಕಿಕೊಂಡು ಹೋಗಿ, ಮನೆಯಲ್ಲಿ ಹೊಸ ಕೆಂಪು ಬಟ್ಟೆ ಹೊಲಿದೆ. ಶನಿವಾರ ಒಂಬತ್ತಕ್ಕೆ ಮೊದಲು ಯಾರೂ ಏನೂ ಶುರು ಮಾಡುತ್ತಿರಲಿಲ್ಲ. ಎಂಟೂವರೆಗೆ ಹೋಗಿ ಹಾಕಿದರಾಯಿತು ಅಂದುಕೊಂಡೆ...

ಎಂಟೂವರೆಗೆ ನಾನು ಬರುವಷ್ಟರಲ್ಲಿ ಅಂಬುಲೆನ್ಸ್ ಬಂದು ನಿಂತಿತ್ತು. ಬರುವವರಿಗೆ ರೆಕ್ಕೆಯ ಫ್ಲ್ಯಾಪ್ ಆಡಿಸಿ ತೋರಿಸುವ ಉತ್ಸಾಹದಲ್ಲಿ ಕಾಲಿನ್ ಬೆಳಿಗ್ಗೆ ಬೇಗನೇ ನಿಮ್ಮನ್ನೂ ಡೇಲ್‌ನನ್ನೂ ಕರೆಸಿದ್ದನಂತೆ. ಫ್ಲ್ಯಾಪನ್ನೂ ಚಕ್ರದ ಕಾಲನ್ನೂ ಒಟ್ಟಿಗೇ ಆಡಿಸುವ ಎಣ್ಣೆಯ ಪಂಪಿಗೆ ಕೈಹಾಕುವ ಮೊದಲು ಅವನು ಪಿನ್ ಇದೆಯೇ ಎಂದು ಕೇಳಿದನಂತೆ. ನಾನೇ ನಿನ್ನೆ ಹಾಕಿದ್ದೇನೆ ಎಂದಿರಂತೆ ನೀವು. ನಿಮ್ಮ ಮಾತಿನ ಮೇಲೆ ಯಾರು ತಾನೆ ಮತ್ತೆ ಬಗ್ಗಿ ನೋಡುತ್ತಾರೆ? ಒತ್ತಡ ಏರಿತು, ಕಾಲು ಮಡಚಿಕೊಂಡಿತು, ಕೆಳಗೆ ಒರೆಸುತ್ತಿದ್ದ ಡೇಲ್‌ನ ಎರಡು ಬೆರಳು ಹೋದವು. ನೀವು ನೆಲದ ಮೇಲೆ ಕೂತು, "ಹಾಕಿದ್ದೆ... ಹಾಕಿದ್ದೆ ಅನ್ಸತ್ತೆ" ಎಂದು ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದಿರಿ. ಅಲ್ಲಿ ಅದು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೇ.

ಪಿನ್ ನನ್ನ ಜೇಬಿನಲ್ಲಿತ್ತು, ಅಂಕಲ್. ಹೊಸ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು, ಅಲ್ಲೂ ನನ್ನದು ಬೇರೆಯವರ ಕೆಲಸ ಪರೀಕ್ಷಿಸಿ ಸಹಿ ಹಾಕುವ ಹುದ್ದೆಯೇ. ಹೇಳಿದರೆ ಅದೂ ಹೋಗುತ್ತದೆ ಎಂದು ಹೆದರಿದೆ. ಎಲ್ಲರೂ ಡೇಲ್‌ನ ಸುತ್ತ ಇದ್ದಾಗ ಹೊಸ ಪಟ್ಟಿ ಕಿತ್ತು, ಪಿನ್ನನ್ನು ನಿಮ್ಮ ಸ್ಪ್ಯಾನರುಗಳ ತಟ್ಟೆಯಲ್ಲಿ ಇಟ್ಟುಬಿಟ್ಟೆ. ಅರ್ಧ ಗಂಟೆಯ ಮೇಲೆ ಕಾಲಿನ್ ಅದನ್ನು ಅಲ್ಲಿ ಕಂಡು, ನಿಮ್ಮ ಕೈಗೆ ಕೊಟ್ಟ. ನೀವು ಅದನ್ನು ನೋಡಿದ ರೀತಿ... ಪಟ್ಟಿ ಎಲ್ಲಿ ಹೋಯಿತು ಎಂದು ಕೂಡ ನೀವು ಕೇಳಲಿಲ್ಲ. ಪುಸ್ತಕ ತೆರೆದು ಬರೆದಿರಿ: ಮೂಗಿನ ಪಿನ್ ಹಾಕಿರಲಿಲ್ಲ, ತಪ್ಪು ನನ್ನದು. ಕೆಳಗೆ ನಿಮ್ಮ ಸಹಿ.

ಆ ಭಾನುವಾರವೇ ನಿಮ್ಮ ಸ್ಪ್ಯಾನರ್ ಪೆಟ್ಟಿಗೆಯನ್ನು ಕಾಲಿನ್‌ಗೆ ಕೊಟ್ಟುಬಿಟ್ಟಿರಿ. ಮತ್ತೆ ಹ್ಯಾಂಗರಿಗೆ ಬರಲಿಲ್ಲ. ನಿಮ್ಮ ಮನೆಗೆ ಬಂದಾಗಲೆಲ್ಲ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಬೆಲ್ ಒತ್ತುತ್ತಿದ್ದೆ. "ವೀಣಾ, ನಿನ್ ಹೆಸರು ಇನ್ನೂ ನೆನಪಿದೆ ನೋಡು" ಎಂದು ನಗುತ್ತಿದ್ದಿರಿ. ಆಮೇಲೆ ಹೇಗೆ ಹೇಳಲಿ? ಡಾಕ್ಟರು ಪರೀಕ್ಷೆ ಮಾಡಿ ಮರೆವಿನ ಕಾಯಿಲೆ ಏನೂ ಇಲ್ಲ ಎಂದರೂ ನೀವು ನಂಬಲಿಲ್ಲ. ಕಾರಿನ ಕೀ ಆಂಟಿಗೆ ಕೊಟ್ಟಿರಿ. ಎರಡು ವರ್ಷ ಹಾಗೇ ಕೂತಿದ್ದು, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಹೋದಿರಿ. ಬಾಯಿಗೆ ಬೀಗ ಹಾಕಿಕೊಂಡು ನಾನು ನಿಮ್ಮ ಹದಿಮೂರನೆಯ ದಿನದ ಊಟವನ್ನೂ ಬಡಿಸಿದೆ.

ಕಳೆದ ತಿಂಗಳು ನ್ಯಾಟ್ ಮ್ಯೂಸಿಯಮ್ಮಿಗೆ ಹೊರಟಿತು. ಜೊತೆಗೆ ಆ ಪುಸ್ತಕವನ್ನೂ ಗಾಜಿನೊಳಗೆ ಇಡುತ್ತಾರೆ ಎಂದು ಕೇಳಿ ನನಗೆ ತಡೆದುಕೊಳ್ಳಲಾಗಲಿಲ್ಲ. ಎಲ್ಲರ ಮುಂದೆ ಹೇಳಿದೆ. ಡೇಲ್ ತನ್ನ ಕೈ ನೋಡಿಕೊಂಡು ಎದ್ದು ಹೊರಗೆ ಹೋದ. ನಿಮ್ಮ ಆ ಸಾಲನ್ನು ಹೊಡೆದುಹಾಕಲು ನಾನು ಪೆನ್ ತೆಗೆದೆ, ಕಾಲಿನ್ ಪುಸ್ತಕ ಎಳೆದುಕೊಂಡ. ಬರೆದವನೇ ಹೊಡೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಆ ನಿಯಮ ನೀವೇ ನನಗೆ ಕಲಿಸಿದ್ದು, ಮರೆತಿದ್ದೆ. ನಿಮ್ಮ ಸಾಲು ಹಾಗೇ ಉಳಿಯಿತು. ಅದರ ಕೆಳಗೆ ನಡೆದದ್ದನ್ನೆಲ್ಲ ಬರೆದು ನಾನು ಸಹಿ ಹಾಕಿದೆ. ಕಾಲಿನ್ ನನ್ನ ಜೊತೆ ಇನ್ನೂ ಮಾತಾಡುತ್ತಿಲ್ಲ.

ಮೊನ್ನೆ ಭಾನುವಾರ ಆಂಟಿಗೆ ಹೇಳಲು ಹೋಗಿದ್ದೆ. ಅವರೀಗ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಹುರುಳಿಕಾಯಿ ಸೋಸುತ್ತಾ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ, ಅಳಲಿಲ್ಲ. ಕಾಫಿ ಬೇಕಾ ಎಂದು ಕೇಳಲಿಲ್ಲ.

"ಮೀರಾ ಹುಟ್ಟಿದಾಗ ಅವರು ಎತ್ಕೊಳ್ಳಲೇ ಇಲ್ಲ, ಗೊತ್ತಾ ನಿಂಗೆ? ಒಬ್ಬಳೇ ಮೊಮ್ಮಗಳು. ಎಲ್ಲಿ ಇಟ್ಟೆ ಅಂತ ಮರೆತುಬಿಡ್ತೀನಿ, ಕೈ ಬಿಟ್ಟುಬಿಡ್ತೀನಿ, ಬೇಡ ಪದ್ಮಾ ಅಂತಿದ್ರು. ತೊಟ್ಟಿಲ ಪಕ್ಕ ಕೈಕಟ್ಟಿಕೊಂಡು ನಿಂತು ನೋಡೋರು, ಅಷ್ಟೇ" ಎಂದರು. ಆಮೇಲೆ ಹುರುಳಿಕಾಯಿಯ ತಟ್ಟೆ ಪಕ್ಕಕ್ಕಿಟ್ಟು, "ನಂಗೆ ಹೇಳಿ ಏನು ಮಾಡ್ತೀಯ? ಅವರಿಗೆ ಹೇಳ್ಬೇಕಿತ್ತು" ಎಂದರು.

ಅದಕ್ಕೇ ಹೇಳುತ್ತಿದ್ದೇನೆ. ನೀವು ಏನನ್ನೂ ಮರೆತಿರಲಿಲ್ಲ, ಅಂಕಲ್. ಮಗುವನ್ನು ನೀವು ಎತ್ತಿಕೊಳ್ಳಬಹುದಿತ್ತು.

ವೀಣಾ