ತೊಂಬತ್ತಾರು ಅಂಕದ ಕೆಂಪು ವೈನ್

ಬೋರ್ಡೋ, ಮಂಗಳವಾರ

ಪ್ರೀತಿಯ ಅತ್ತೆ, ಎರಡೂ ಕೆನ್ನೆಗೆ ಮುತ್ತು.

ನಮ್ಮ ಜೂರಾ ಬೆಟ್ಟದ ಸೀಮೆಯಲ್ಲಿ ನಾಲಿಗೆಯನ್ನು ಕೇಳಿ ವೈನ್ ಕುಡಿದರೆ ಇಲ್ಲಿ ಅಂಕ ನೋಡಿ ಕುಡಿಯುತ್ತಾರೆ. ನಿನ್ನೆ ಮಧ್ಯಾಹ್ನ ನಮ್ಮ ಹೋಟೆಲಿಗೆ ನಿವೃತ್ತ ರೈಲು ಚಾಲಕರೊಬ್ಬರು ಹೆಂಡತಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ಬಂದಿದ್ದರು. ಬಾತುಕೋಳಿಯ ಜೊತೆ ನಾವು ಕೊಡುವುದು ವಿಮರ್ಶಕರು ತೊಂಬತ್ತಾರು ಅಂಕ ಕೊಟ್ಟ ಕೆಂಪು ವೈನ್. ಅಜ್ಜಿ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ನೂರಕ್ಕೆ ತೊಂಬತ್ತಾರು ಕಣೇ ಉಗೆಟ್, ಕುಡಿ!" ಎಂದರು ಅಜ್ಜ.

"ಅಂಕ ಕೊಟ್ಟೋರಿಗೇ ಕುಡಿಸಿ. ನನ್ನ ಬಾಯೆಲ್ಲ ಒಗರು," ಎಂದ ಅಜ್ಜಿ ನನ್ನ ಕಡೆ ತಿರುಗಿ, "ನಿಜ ಹೇಳು ಮಗಳೇ, ನಿಂಗಿದು ಇಷ್ಟಾನಾ?" ಎಂದು ಕೇಳಿಬಿಟ್ಟರು.

ಬೆನ್ನ ಹಿಂದೆಯೇ ಮಾಲೀಕರು ನಿಂತಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಆದರೂ ಬಾಯಿಗೆ ಸುಳ್ಳು ಬರಲಿಲ್ಲ. "ಇಲ್ಲಮ್ಮ," ಎಂದೆ. ಊಟದ ಕೊನೆಯ ಸಿಹಿತಿಂಡಿಗೆಂದು ಇಟ್ಟಿದ್ದ ತಣ್ಣನೆಯ ಬಿಳಿ ವೈನ್ ತಂದುಕೊಟ್ಟೆ. ಅಜ್ಜಿ ಮೂಳೆ ಚೀಪುತ್ತ ಎರಡು ಗ್ಲಾಸು ಮುಗಿಸಿದರು. ಅಜ್ಜನೂ ಸದ್ದಿಲ್ಲದೆ ತಮ್ಮ ಗ್ಲಾಸನ್ನು ಮುಂದೆ ಚಾಚಿದರು.

ಅವರು ಹೋದ ಮೇಲೆ ಮಾಲೀಕರು ಒಳಗೆ ಕರೆದರು. ಇನ್ನು ಗಂಟುಮೂಟೆ ಕಟ್ಟುವುದೇ ಸರಿ ಅಂದುಕೊಂಡೆ. ಅವರು ಬಾಗಿಲು ಮುಂದೆ ಮಾಡಿ, "ಹನ್ನೊಂದು ವರ್ಷದಿಂದ ಮಾರ್ತಿದೀನಿ ಕಣಮ್ಮ, ನಂಗೂ ಅದು ಸೇರಲ್ಲ. ನಾಳೆಯಿಂದ ಯಾವ ಊಟಕ್ಕೆ ಯಾವ್ದು ಅಂತ ನೀನೇ ರುಚಿ ನೋಡಿ ಹೇಳು," ಎಂದರು.

ಕೆಮ್ಮು ವಾಸಿಯಾಗಿದೆ. ಉಣ್ಣೆಯ ಕಾಲುಚೀಲ ಕಳಿಸಬೇಡಿ, ಇಲ್ಲಿ ಸೆಕೆ. ಜಾಗ ಮುಗಿಯಿತು. ಮಾಲೀಕರ ಮಾತು ಗುಟ್ಟು. ಈ ಕಾರ್ಡನ್ನು ದಾರಿಯಲ್ಲೇ ಓದಿ ತಂದುಕೊಟ್ಟ ಅಂಚೆಯವನಿಗೂ ಹಾಗೆಂದು ಹೇಳಿಬಿಡಿ.

ನಿಮ್ಮ ಸೊಲೆನ್