ಐದನೇ ಮಹಡಿಗೆ ಲಿಫ್ಟ್ ಬರುವುದಿಲ್ಲ

ತಾರೀಖು ೧೪, ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ಒಂದು ನಿಮಿಷವೂ ತಡ ಮಾಡದ ನನ್ನ ಪ್ರೀತಿಯ ಗಡಿಯಾರನಿಗೆ,

ನಿನ್ನ ಮಹಾರಾಜ ಇನ್ನೂ ಬದುಕಿದ್ದಾನೆ. ಕಾಲೇಜು ನಾಟಕದಲ್ಲಿ ರಟ್ಟಿನ ಕಿರೀಟ ಕಿವಿಯ ಮೇಲೆ ಜಾರಿದರೂ ಮಾತು ನಿಲ್ಲಿಸದ ಅದೇ ಮಹಾರಾಜ. ಮೂವತ್ತೈದು ವರ್ಷದ ಮೇಲೆ ನಮ್ಮ ಮೆಕ್ಯಾನಿಕಲ್ ತರಗತಿಯ ಹದಿನಾರೂ ಜನ ಒಂದೆಡೆ ಸೇರುವುದು, ಅದಕ್ಕೊಂದು ಪರಿಚಯ ಪುಸ್ತಕ, ಎಲ್ಲದರ ಹೊಣೆ ನೀನು ಹೊತ್ತಿರುವುದು, ಇವೆಲ್ಲ ಓದಿ ಎದೆ ಉಬ್ಬಿತು. ಹಿಂದಿನ ಬೆಂಚಿನ ನಿದ್ರಾಮಣಿ ಕಾರ್ಖಾನೆ ಮಾಲೀಕನಂತೆ. ಗಣಿತದಲ್ಲಿ ಮೂರು ಸಲ ಮುಗ್ಗರಿಸಿದ ಸೊಳ್ಳೆ ಈಗ ಗಣಿತದ ಪ್ರೊಫೆಸರನಂತೆ. ಇದಕ್ಕಿಂತ ದೊಡ್ಡ ನಾಟಕ ಯಾರು ಬರೆದಾರು ಹೇಳು.

ನೀನು ಕೇಳಿದ್ದು ನಾಲ್ಕೇ ಸಾಲು: ಹುದ್ದೆ, ಸಾಧನೆ, ಸಂಸಾರ, ಮಕ್ಕಳು. ಬರೆದುಕೋ. ಲಿಫ್ಟ್ ನಿರ್ವಹಣೆಯ ಕಂಪನಿಯಲ್ಲಿ ಮೂವತ್ತೆರಡು ವರ್ಷ, ಈಗ ಹಿರಿಯ ಮೇಲ್ವಿಚಾರಕ. ಜನರನ್ನು ಮೇಲೆತ್ತುವುದೇ ನನ್ನ ವೃತ್ತಿ. ನಾನು ಮಾತ್ರ ನೆಲಮಹಡಿಯ ಬಾಡಿಗೆ ಮನೆಯಲ್ಲೇ ಉಳಿದೆ. ಮನೆಯಾಕೆ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಈ ಕಾಗದಕ್ಕೆ ಕೂತಾಗಿನಿಂದ ಮೂರು ಸಲ ಇಣುಕಿ ನೋಡಿ, "ನಾಲ್ಕು ಸಾಲು ಕೇಳಿದ್ರೆ ನಾಲ್ಕು ಅಂಕದ ನಾಟಕ ಬರೀತಾರೆ" ಎಂದು ಹೋಗಿದ್ದಾಳೆ. ಮಕ್ಕಳು ಎಂಬಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸು: ಒಬ್ಬಳೇ ಮಗಳು, ಸರ್ಕಾರದ ಲಿಫ್ಟ್ ಇನ್‌ಸ್ಪೆಕ್ಟರ್.

ಇನ್ನು ನಿನ್ನ ಕಾಗದದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದ ಆ ಮಾತು. ನೀನು ಗೊತ್ತುಮಾಡಿದ ಸಭಾಂಗಣ ಐದನೇ ಮಹಡಿಯಲ್ಲಿದೆ, ಅಲ್ಲಿನ ಲಿಫ್ಟಿಗೆ ನನ್ನ ಮಗಳು ಸೀಲ್ ಹಾಕಿದ್ದಾಳೆ, ಸೊಳ್ಳೆಗೆ ಹೋದ ತಿಂಗಳಷ್ಟೇ ಸೊಂಟದ ಆಪರೇಷನ್ ಆಗಿದೆ, "ನಿನ್ನ ಮಗಳಿಗೆ ಒಂದು ಮಾತು ಹೇಳಿಬಿಡೋ" ಎಂದು. ಆ ಲಿಫ್ಟ್ ನೋಡಿಕೊಳ್ಳುವುದು ನಮ್ಮ ಕಂಪನಿಯೇ ಎಂಬುದೂ ನಿನಗೆ ಗೊತ್ತು.

ಹೇಳಿದೆ ಕಣೋ. ಮುಚ್ಚಿಡುವುದೇನು. ಮನೆಯಲ್ಲಿ ಅವಳು ಕಚೇರಿ ಮಾತು ಆಡುವುದಿಲ್ಲವಾದ್ದರಿಂದ ಗುರುವಾರ ಅವಳ ಕಚೇರಿಗೇ ಹೋದೆ. ಹೊರಗಿನ ಬೆಂಚಿನಲ್ಲಿ ಉಳಿದವರ ಜೊತೆ ಚೀಟಿ ಹಿಡಿದು ಕಾದೆ. ಸರದಿ ಬಂದಾಗ ಒಳಗೆ ನಡೆದ ಗತ್ತು ನೀನು ನೋಡಬೇಕಿತ್ತು. ಬಾಗಿಲಲ್ಲೇ ನಿಂತು ಎತ್ತರದ ದನಿಯಲ್ಲಿ, "ಅರವತ್ತರ ಹತ್ತಿರದ ಮೂವತ್ತೆರಡು ಮಂಡಿಗಳು ಐದು ಮಹಡಿ ಏರಬೇಕಂತೆ ತಾಯಿ, ಕರುಣೆ ಇಲ್ಲವೇ" ಎಂದೆ. ಪಕ್ಕದ ಮೇಜಿನ ಗುಮಾಸ್ತರು ಪೆನ್ನು ಕೆಳಗಿಟ್ಟರು.

ಅವಳು ತಲೆ ಎತ್ತಲಿಲ್ಲ. "ಏರೋದು ಬೇಡಪ್ಪ, ಕೆಳಗೇ ಕೂತ್ಕೊಳ್ಳಿ" ಎಂದಳು.

"ಒಂದೇ ದಿನದ ಮಟ್ಟಿಗಮ್ಮ."

"ಅದು ಯಾವ ದಿನ ಅಂತ ಬ್ರೇಕಿಗೆ ನೀವೇ ಹೇಳ್ತೀರಾ?"

ಅವಳು ಮೇಜಿನ ಮೇಲೆ ಆ ಲಿಫ್ಟಿನಿಂದ ಬಿಚ್ಚಿ ತಂದ ಬ್ರೇಕಿನ ಲೈನಿಂಗ್ ಪಟ್ಟಿ ಇಟ್ಟಳು. ಸವೆದು ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಆಮೇಲೆ ಒಂದು ಫೋಟೊ. ಬ್ರೇಕಿನ ಮುಚ್ಚಳ ಬಿಚ್ಚುವ ಮೊದಲು ತೆಗೆದದ್ದು. ಹೋದ ವರ್ಷ ಮೋಟಾರ್ ರೂಮಿಗೆ ಬಣ್ಣ ಹೊಡೆದವರು ಮುಚ್ಚಳದ ಸ್ಕ್ರೂಗಳ ಮೇಲೂ ಹೊಡೆದಿದ್ದರು. ಒಂದು ಸ್ಕ್ರೂವಿನ ಮೇಲೂ ಬಣ್ಣ ಒಡೆದಿರಲಿಲ್ಲ. ಅಂದರೆ ವರ್ಷದಿಂದ ಆ ಮುಚ್ಚಳವನ್ನು ಯಾರೂ ತೆರೆದೇ ಇಲ್ಲ. ತಪಾಸಣೆ ಪುಸ್ತಕದಲ್ಲಿ ಮಾತ್ರ ತಿಂಗಳಿಗೊಂದರಂತೆ ಹನ್ನೆರಡು ಸಲ "ಬ್ರೇಕ್ ತೆರೆದು ನೋಡಿದೆ, ಸರಿ ಇದೆ" ಎಂದು ಬರೆದು ಸಹಿ ಮಾಡಲಾಗಿದೆ.

ಎಷ್ಟು ಜನ ಇನ್‌ಸ್ಪೆಕ್ಟರುಗಳು ನನ್ನ ಕಣ್ಣೆದುರು ಬಂದು ಹೋದರು. ಪುಸ್ತಕ ನೋಡುತ್ತಾರೆ, ಗುಂಡಿ ಒತ್ತುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಸ್ಕ್ರೂವಿನ ಮೇಲಿನ ಬಣ್ಣ ನೋಡಿದವಳು ಇವಳೊಬ್ಬಳೇ. ಎಂಟನೇ ವಯಸ್ಸಿನಲ್ಲಿ ನನ್ನ ಉಪಕರಣಗಳ ಚೀಲದ ಪಕ್ಕ ಕೂತು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದ ಹುಡುಗಿ. ನಾನು ಕಲಿಸಿದ್ದು ಸ್ಪ್ಯಾನರ್ ಹಿಡಿಯುವುದನ್ನಷ್ಟೇ. ಈ ಕಣ್ಣು ಅವಳದೇ.

ಕೊನೆಗೆ ಅವಳು ಆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿಟ್ಟಳು. ನಾನು ಅದನ್ನು ಮುಚ್ಚಿಟ್ಟು ಎದ್ದೆ. ಬಾಗಿಲವರೆಗೆ ಬಂದು, "ಊಟ ಮಾಡ್ಕೊಂಡು ಹೋಗಿ ಅಪ್ಪ, ಮಾತ್ರೆ ತಗೊಳ್ಳೋದಿದೆ" ಎಂದಳು.

ಆದ್ದರಿಂದ ಮಿತ್ರಾ, ಸೀಲ್ ತೆಗೆಯುವ ಮಾತು ಇಲ್ಲಿಗೆ ಮುಗಿಯಿತು. ಕುರ್ಚಿ ಮೇಜುಗಳನ್ನು ಕೆಳಗೆ ಇಳಿಸು. ಕಾರು ನಿಲ್ಲಿಸುವ ಜಾಗ ಖಾಲಿ ಮಾಡಿಸಿದರೆ ಹದಿನಾರು ಜನ ಹಾಯಾಗಿ ಕೂರಬಹುದು, ಸೊಳ್ಳೆ ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ಏಕೆ ಕೆಳಗೆ ಎಂದು ಯಾರಾದರೂ ಗೊಣಗಿದರೆ ನನ್ನ ಹತ್ತಿರ ಕಳಿಸು. ಲಿಫ್ಟ್ ನಿಲ್ಲಿಸಿದವಳು ಯಾರ ಮಗಳು ಎಂದು ಕೊನೆಯ ಸಾಲಿನವರೆಗೂ ಕೇಳುವಂತೆ ಹೇಳುತ್ತೇನೆ.

ನಿನ್ನವನೇ ಆದ,
ಮಹಾರಾಜ

ತಾಜಾಕಲಂ: ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಆ ಹನ್ನೆರಡು ಸಹಿಗಳೂ ನನ್ನವು. ಮೋಟಾರ್ ರೂಮಿನ ಕಬ್ಬಿಣದ ಏಣಿ ಹತ್ತಲು ಮಂಡಿ ಬಗ್ಗುತ್ತಿರಲಿಲ್ಲ. ಹೇಳಿದರೆ ಮನೆಗೆ ಕಳಿಸಿಬಿಡುತ್ತಾರೆ ಎಂದು ಕೆಳಗೇ ನಿಂತು ಬರೆಯುತ್ತಿದ್ದೆ. ಮಗಳು ವರದಿಯಲ್ಲಿ ನನ್ನ ಪೂರ್ತಿ ಹೆಸರು ಹಾಕಿದ್ದಾಳೆ. ಅದರ ಕೆಳಗೆ, "ಇವರು ನನ್ನ ತಂದೆ, ಆದ್ದರಿಂದ ಬೇರೊಬ್ಬ ಅಧಿಕಾರಿ ಮರುಪರಿಶೀಲಿಸಬೇಕು" ಎಂದೂ ಬರೆದಿದ್ದಾಳೆ. ಆ ಅಧಿಕಾರಿ ನಿನ್ನೆ ಬಂದು ನೋಡಿ ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರಂತೆ. ನಾಳೆ ಕಂಪನಿಯಲ್ಲಿ ನನ್ನ ವಿಚಾರಣೆ, ಹೌದು ಎಂದೇ ಹೇಳುತ್ತೇನೆ. ಹುದ್ದೆ ಎಂಬಲ್ಲಿ ಸದ್ಯಕ್ಕೆ ಏನೂ ಅಚ್ಚು ಹಾಕಿಸಬೇಡ. ಮಕ್ಕಳು ಎಂಬಲ್ಲಿ ಬರೆದದ್ದು ಹಾಗೇ ಇರಲಿ.